ಸಭೆ ಎರಡು ಪಾಲಾದಾಗ: ಸರ್ರಿಯಲ್ ನಿಯೋ-ನ್ವಾರ್ ಚಿತ್ರಕ್ಕೆ ಟೆಸ್ಟ್ ಸ್ಕ್ರೀನಿಂಗ್ ನಡೆಸುವುದು, ಬಂದ ಅಭಿಪ್ರಾಯ ಓದುವುದು

ಕಡಿಮೆ ಬಜೆಟ್ಟಿನಲ್ಲಿ ತೆಗೆದ ಸರ್ರಿಯಲ್ ನಿಯೋ-ನ್ವಾರ್ ಚಿತ್ರವನ್ನು, ಅಂದರೆ ಕನಸಿನ ರೀತಿಯಲ್ಲಿ ಸಾಗುವ ಈ ಕಾಲದ ಕತ್ತಲ ಅಪರಾಧ ಕಥೆಯನ್ನು, ಮೊದಲ ಸಲ ಹೊರಗಿನವರಿಗೆ ತೋರಿಸಿದಾಗ ಸಭೆ ಎರಡು ಪಾಲಾಗುವುದು ತೀರ ಸಾಮಾನ್ಯ. ಒಂದು ಪಾಲಿನವರು ಚಿತ್ರ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳುವುದಿಲ್ಲ. ಇನ್ನೊಂದು ಪಾಲಿನವರು ತಲೆಬುಡ ಇಲ್ಲ ಎಂದು ಬೈದುಕೊಂಡು ಹೊರಡುತ್ತಾರೆ. ಆಗ ನಿರ್ದೇಶಕರು ಎರಡರಲ್ಲಿ ಒಂದು ಮಾಡುತ್ತಾರೆ: ಬೈದವರಿಗೆ ಅಭಿರುಚಿ ಇಲ್ಲ ಎಂದು ಕೈಕೊಡವಿಕೊಳ್ಳುತ್ತಾರೆ, ಇಲ್ಲವೇ ಗಾಬರಿಬಿದ್ದು ಚಿತ್ರದ ಮೂಲೆಮೂಲೆಗೂ ವಿವರಣೆ ತುರುಕುತ್ತಾರೆ. ಎರಡರಿಂದಲೂ ಚಿತ್ರಕ್ಕೇ ನಷ್ಟ.

ಆ ಒಡಕಿನಲ್ಲಿ ಒಂದಷ್ಟು ಚಿತ್ರದ ಸ್ವಭಾವದಿಂದಲೇ ಬಂದಿರುತ್ತದೆ. ಅದನ್ನು ಮುಟ್ಟಬಾರದು. ಉಳಿದದ್ದು ಕೇಳಿಸದ ಮಾತು, ಕಾಣಿಸದ ಮುಖ, ತಪ್ಪು ಪೋಸ್ಟರ್, ಕೊಟ್ಟು ಮರೆತ ಸುಳಿವು ಇಂಥವುಗಳಿಂದ ಬಂದಿರುತ್ತದೆ. ಅದನ್ನು ಸರಿಪಡಿಸಲೇಬೇಕು. ಯಾವುದು ಯಾವುದು ಎಂದು ಬೇರ್ಪಡಿಸುವುದು ಊಹೆಯಿಂದ ಆಗುವ ಕೆಲಸವಲ್ಲ. ಒಡಕನ್ನೇ ಪೂರ್ತಿ ಅಳಿಸಲು ಹೊರಟರೆ ಎಲ್ಲರೂ ಹತ್ತಕ್ಕೆ ಆರು ಕೊಡುವ ಚಿತ್ರ ಉಳಿಯುತ್ತದೆ, ಮತ್ತು ಅಂಥ ಚಿತ್ರವನ್ನು ಯಾರೂ ಇನ್ನೊಬ್ಬರಿಗೆ 'ನೋಡಲೇಬೇಕು' ಎಂದು ಹೇಳುವುದಿಲ್ಲ.

ಈ ಬಗೆಯ ಚಿತ್ರವೇ ಯಾಕೆ ಇಷ್ಟು ಒಡೆಯುತ್ತದೆ ಎಂಬುದು ಮೊದಲು ಗೊತ್ತಿರಬೇಕು. ನ್ವಾರ್ ಎಂದರೆ ನೋಡುಗರಿಗೆ ಮಾತು ಕೊಡುವ ಪ್ರಕಾರ. ಒಂದು ಹೆಣ, ಕಾಣೆಯಾದ ವ್ಯಕ್ತಿ, ಹಣದ ಚೀಲ, ಸುಳ್ಳು ಹೇಳುತ್ತಿರುವ ಯಾರೋ ಒಬ್ಬರು ತೆರೆಯ ಮೇಲೆ ಬಂದ ಕೂಡಲೇ 'ಇದಕ್ಕೆಲ್ಲ ಕೊನೆಗೆ ಲೆಕ್ಕ ಸಿಗುತ್ತದೆ' ಎಂದು ನೋಡುಗರು ನಂಬಿ ಸುಳಿವು ಕೂಡಿಡತೊಡಗುತ್ತಾರೆ. ಸರ್ರಿಯಲ್ ರೀತಿಗೆ ಆ ಲೆಕ್ಕವೇ ಬೇಡ. ಅಲ್ಲಿ ಒಂದು ಘಟನೆಗೂ ಇನ್ನೊಂದಕ್ಕೂ ಇರುವುದು ಕನಸಿನ ನಂಟು. ಸುಳಿವು ಕೂಡಿಟ್ಟವರಿಗೆ ಮೋಸವಾದಂತೆ ಅನಿಸುತ್ತದೆ, ಅರ್ಧದಲ್ಲೇ ಕೂಡಿಡುವುದನ್ನು ಬಿಟ್ಟವರಿಗೆ ಚಿತ್ರ ತೆರೆದುಕೊಳ್ಳುತ್ತದೆ. ಕಡಿಮೆ ಬಜೆಟ್ ಇದಕ್ಕೆ ಇನ್ನೊಂದು ಅನುಮಾನ ಸೇರಿಸುತ್ತದೆ: ಇದು ಬೇಕೆಂದೇ ಮಾಡಿದ್ದೋ, ಕೈಲಾಗದೆ ಹೀಗಾದದ್ದೋ? ಅತಿ ಹೆಚ್ಚು ಹಾನಿ ಮಾಡುವುದು ಈ ಕೊನೆಯ ಅನುಮಾನ. ಅತಿ ಸುಲಭವಾಗಿ ನಿವಾರಿಸಬಹುದಾದದ್ದೂ ಇದೇ.

ತೋರಿಸುವ ಮುನ್ನ: ಕಿವಿ ಮತ್ತು ಕತ್ತಲು

ಸರಿಯಾದ ಸಮಯ ಎಂದರೆ ಸಂಕಲನ ಬಹುಪಾಲು ಮುಗಿದಿದ್ದು, ಪಿಕ್ಚರ್ ಲಾಕ್ (ಇನ್ನು ಕಟ್ ಬದಲಿಸುವುದಿಲ್ಲ ಎಂಬ ಹಂತ) ಇನ್ನೂ ಆಗಿರದಿದ್ದಾಗ. ಅಂತಿಮ ಗ್ರೇಡಿಂಗ್ (ಬಣ್ಣ, ಬೆಳಕು ಹೊಂದಿಸುವುದು), ಅಂತಿಮ ಸಂಗೀತ ಇಲ್ಲದಿದ್ದರೂ ನಡೆಯುತ್ತದೆ. ಮಾತು ಮಾತ್ರ ಸ್ಪಷ್ಟವಾಗಿ ಕೇಳಬೇಕು. ಮಾತು ಕೇಳಿಸದ ನೋಡುಗರು 'ಕೇಳಿಸಲಿಲ್ಲ' ಎಂದು ಬರೆಯುವುದು ಕಡಿಮೆ, 'ಕಥೆ ಅರ್ಥವಾಗಲಿಲ್ಲ' ಎಂದೇ ಬರೆಯುತ್ತಾರೆ. ನ್ವಾರ್ ಚಿತ್ರದಲ್ಲಿ ಮುಖ್ಯ ಸಂಗತಿಗಳು ಹೊರಬೀಳುವುದೇ ರಾತ್ರಿ, ಮಳೆಯ ಸದ್ದಿನಲ್ಲಿ, ಅರ್ಧ ಪಿಸುಮಾತಿನಲ್ಲಿ. ಹಾಗಾಗಿ ಈ ಅಪಾಯ ಬೇರೆ ಚಿತ್ರಗಳಿಗಿಂತ ಇಲ್ಲಿ ಹೆಚ್ಚು.

ಇದನ್ನು ಪರೀಕ್ಷಿಸುವ ದಾರಿ ಸರಳವಾಗಿದೆ. ಸ್ಕ್ರಿಪ್ಟ್ ಓದಿರದ ಒಬ್ಬರಿಗೆ ಚಿತ್ರ ತೋರಿಸದೆ ಬರೀ ಧ್ವನಿ ಕೇಳಿಸಿ. ಬಂದ ಹೆಸರುಗಳು, ಯಾರು ಯಾರಿಗೆ ಏನಾಗಬೇಕು, ಜಾಗಗಳು, ಹೇಳಿದ ಮೊತ್ತ, ಹೇಳಿದ ಹೊತ್ತು, ಇಷ್ಟನ್ನು ಬರೆದುಕೊಳ್ಳಲು ಹೇಳಿ. ಆ ಪಟ್ಟಿಯಲ್ಲಿ ಬಿಟ್ಟುಹೋದ ಪ್ರತಿಯೊಂದು ಹೆಸರಿನ ಜಾಗಕ್ಕೆ ಹೋಗಿ ಹಿನ್ನೆಲೆ ಸಂಗೀತವನ್ನು 3ರಿಂದ 6 ಡೆಸಿಬಲ್ ಇಳಿಸಿ ನೋಡಿ. ಆಗಲೂ ಕೇಳಿಸದಿದ್ದರೆ ಆ ಸಾಲನ್ನು ಮರುಡಬ್ ಮಾಡಿ. ಪ್ರತಿ ಲೊಕೇಶನ್ನಿನ 30ರಿಂದ 60 ಸೆಕೆಂಡಿನ ರೂಮ್ ಟೋನ್ (ಯಾರೂ ಮಾತಾಡದಾಗ ಆ ಜಾಗದಲ್ಲಿರುವ ಸದ್ದು) ಇದ್ದರೆ ಕಟ್‌ಗಳ ನಡುವೆ ತುಂಬಿ. ಒಂದು ಶಾಟಿನಲ್ಲಿ ಫ್ಯಾನ್ ಗುಂಯ್ಗುಡುತ್ತಿದ್ದು ಮುಂದಿನ ಶಾಟಿನಲ್ಲಿ ಸದ್ದೇ ಇಲ್ಲವಾದರೆ, ತಾಂತ್ರಿಕ ಜ್ಞಾನ ಏನೂ ಇಲ್ಲದ ನೋಡುಗರಿಗೂ 'ಇದು ಕಚ್ಚಾ ಕೆಲಸ' ಎಂದು ಒಳಗೊಳಗೇ ತಿಳಿಯುತ್ತದೆ. ಅಲ್ಲಿಂದ ಮುಂದೆ ನೀವು ಬೇಕೆಂದೇ ಮಾಡಿದ ವಿಚಿತ್ರವನ್ನೂ ಅವರು ತಪ್ಪು ಎಂದೇ ಎಣಿಸುತ್ತಾರೆ.

ಚಿತ್ರದ ವಿಷಯದಲ್ಲಿ ಹೆಚ್ಚಿನ ಅನಾಹುತ ಆಗುವುದು ಪ್ಲೇಯರ್ ಮತ್ತು ಪ್ರೊಜೆಕ್ಟರ್ ನಡುವೆ. 8 ಬಿಟ್ ವಿಡಿಯೋದಲ್ಲಿ ಬೆಳಕಿನ ಮಟ್ಟವನ್ನು ಅಂಕಿಯಲ್ಲಿ ಗುರುತಿಸುತ್ತಾರೆ: ಕಪ್ಪು 16ಕ್ಕೆ, ಬಿಳುಪು 235ಕ್ಕೆ ನಿಲ್ಲುವ ಸೀಮಿತ ಶ್ರೇಣಿ ಒಂದು. 0ಯಿಂದ 255ರ ವರೆಗಿನ ಪೂರ್ಣ ಶ್ರೇಣಿ ಇನ್ನೊಂದು. ಪ್ಲೇಯರ್ ಸೀಮಿತ ಶ್ರೇಣಿಯಲ್ಲಿ ಕಳಿಸಿ ಪ್ರೊಜೆಕ್ಟರ್ ಪೂರ್ಣ ಶ್ರೇಣಿ ಎಂದುಕೊಂಡರೆ ಕಪ್ಪೆಲ್ಲ ಬೂದುಬಣ್ಣವಾಗಿ ಕಾಣುತ್ತದೆ. ಉಲ್ಟಾ ಆದರೆ ನೆರಳಿನೊಳಗಿನ ವಿವರ ಪೂರ್ತಿ ಮುಳುಗಿಹೋಗುತ್ತದೆ. ಹಾಸ್ಯಚಿತ್ರವಾದರೆ ಹೇಗೋ ನಡೆದೀತು, ನ್ವಾರ್‌ಗೆ ಇದು ಪ್ರಾಣಘಾತಕ. ಎರಡೂ ಕಡೆಯ ಎಚ್‌ಡಿಎಂಐ ಸೆಟ್ಟಿಂಗ್ ಒಂದೇ ಮಾಡಿ, ಸಭೆ ಬರುವ ಮೊದಲೇ ಕಡುಕಪ್ಪಿನ ಪಟ್ಟಿಗಳಿರುವ ಟೆಸ್ಟ್ ಕಾರ್ಡ್ ಹಾಕಿ ನೋಡಿ. ಹಾಗೆಯೇ ನಿಮ್ಮ ಚಿತ್ರದ ಅತ್ಯಂತ ಕತ್ತಲ ದೃಶ್ಯವನ್ನು ಹಾಕಿ, ಕೊನೆಯ ಸಾಲಿನಲ್ಲಿ ಕೂತು ನೋಡಿ.

ನಟರ ಮುಖಭಾವದಿಂದಲೇ ಸಂಗತಿ ತಿಳಿಯಬೇಕಾದ ಶಾಟ್‌ಗಳಲ್ಲಿ, ಮುಖದ ಬೆಳಕಿರುವ ಬದಿ, ಬೆಳಕಿನ ಮಟ್ಟ ತೋರಿಸುವ ನಕ್ಷೆಯಾದ ವೇವ್‌ಫಾರ್ಮಿನಲ್ಲಿ ಶೇ 20ರಿಂದ 30ರ ಆಸುಪಾಸಿನಲ್ಲಾದರೂ ಇರಲಿ. ಉಳಿದ ಶಾಟ್‌ಗಳು ಎಷ್ಟು ಕತ್ತಲಾಗಿದ್ದರೂ ನಡೆಯುತ್ತದೆ. ಕಡಿಮೆ ಬಿಟ್‌ರೇಟಿನ ಎಚ್.264 (ಒತ್ತಿ ಚಿಕ್ಕದಾಗಿಸಿದ ವಿಡಿಯೋ) ಫೈಲಿನಲ್ಲಿ ಕತ್ತಲ ಗೋಡೆಗಳು ಚೌಕಚೌಕವಾಗಿ ಒಡೆಯುತ್ತವೆ. 1080ಪಿಗೆ ಸೆಕೆಂಡಿಗೆ 20 ಮೆಗಾಬಿಟ್‌ಗಿಂತ ಕಡಿಮೆ ಮಾಡಬೇಡಿ, ಅಷ್ಟಾಗಿ ಒತ್ತದ ಪ್ರೊರೆಸ್ ಫೈಲ್ ಓಡುವಂತಿದ್ದರೆ ಅದನ್ನೇ ಹಾಕಿ. ತೆಳುವಾದ ಗ್ರೇನ್ (ಫಿಲ್ಮಿನಲ್ಲಿ ಕಾಣುವಂಥ ಸಣ್ಣ ಕಣಗಳು) ಸೇರಿಸಿದರೆ ಪಟ್ಟೆಪಟ್ಟೆಯಾಗಿ ಕಾಣುವುದು ಕಡಿಮೆಯಾಗುತ್ತದೆ. ಫೋನಿಗೆ ಲಿಂಕ್ ಕಳಿಸಿ ಅಭಿಪ್ರಾಯ ಕೇಳುವುದು ಈ ಪ್ರಕಾರದ ಚಿತ್ರಕ್ಕೆ ಟೆಸ್ಟ್ ಸ್ಕ್ರೀನಿಂಗ್ ಆಗುವುದೇ ಇಲ್ಲ.

ಯಾರನ್ನು ಕರೆಯಬೇಕು, ಏನೆಂದು ಹೇಳಿ ಕರೆಯಬೇಕು

ಒಂದು ಪ್ರದರ್ಶನಕ್ಕೆ 24ರಿಂದ 30 ಜನ ಸಾಕು. 20ಕ್ಕಿಂತ ಕಡಿಮೆಯಾದರೆ ಒಂದಿಬ್ಬರ ವೈಯಕ್ತಿಕ ಇಷ್ಟಾನಿಷ್ಟವೇ ಫಲಿತಾಂಶವಾಗಿಬಿಡುತ್ತದೆ. 40 ದಾಟಿದರೆ ಆಮೇಲಿನ ಚರ್ಚೆ ಕೈಗೆ ಸಿಗುವುದಿಲ್ಲ. ಮೂರನೇ ಒಂದು ಪಾಲು ಕ್ರೈಂ ಚಿತ್ರಗಳನ್ನು ಬಿಡದೆ ನೋಡುವವರು, ಮೂರನೇ ಒಂದು ಪಾಲು ಚಿತ್ರೋತ್ಸವಗಳಿಗೆ ಹೋಗುವವರು, ಉಳಿದವರು ಸಿಕ್ಕಿದ್ದನ್ನು ನೋಡುವ ಸಾಮಾನ್ಯ ಪ್ರೇಕ್ಷಕರು. ನಟರು, ತಂಡದವರು, ಅವರ ಮನೆಯವರು ಬೇಡ. ಬೇರೆ ನಿರ್ದೇಶಕರೂ ಬೇಡ: ಅವರು ನಿಮ್ಮ ಚಿತ್ರ ನೋಡುವ ಬದಲು, ತಾವಾಗಿದ್ದರೆ ಹೇಗೆ ತೆಗೆಯುತ್ತಿದ್ದೆವು ಎಂದು ಹೇಳುತ್ತಾರೆ.

ಆಹ್ವಾನದ ಒಂದು ಸಾಲಿನಲ್ಲಿ ದೊಡ್ಡ ಪ್ರಯೋಗವೇ ಅಡಗಿದೆ. ಕಾಣೆಯಾದ ತಂಗಿಯನ್ನು ಹುಡುಕುವ ಟ್ಯಾಕ್ಸಿ ಡ್ರೈವರ್ ಒಬ್ಬನ ಕಥೆ ನಿಮ್ಮದು ಎಂದಿಟ್ಟುಕೊಳ್ಳಿ. ಪ್ರತಿ ಪಾಲಿನ ಅರ್ಧ ಜನಕ್ಕೆ 'ಕಾಣೆಯಾದ ತಂಗಿಯ ಜಾಡು ಹಿಡಿದ ಟ್ಯಾಕ್ಸಿ ಡ್ರೈವರ್‌ನ ಕ್ರೈಂ ಥ್ರಿಲ್ಲರ್' ಎಂದು ಬರೆದು ಕಳಿಸಿ. ಉಳಿದರ್ಧಕ್ಕೆ 'ತಂಗಿಯನ್ನು ಹುಡುಕುತ್ತ ಒಂದೇ ರಾತ್ರಿಯೊಳಗೆ ದಾರಿ ತಪ್ಪುವವನ ಕನಸಿನಂಥ ಕಥೆ' ಎಂದು ಕಳಿಸಿ. ಯಾರಿಗೆ ಯಾವ ಸಾಲು ಹೋಗಿದೆ ಎಂಬುದನ್ನು ಪ್ರಶ್ನೆಪತ್ರದ ಮೂಲೆಯಲ್ಲಿ ಗುರುತು ಮಾಡಿಡಿ. ಎರಡನೆಯ ಸಾಲು ಓದಿ ಬಂದವರ ಅಂಕ ಎದ್ದುಕಾಣುವಷ್ಟು ಹೆಚ್ಚಿದ್ದರೆ ಚಿತ್ರಕ್ಕೆ ಕತ್ತರಿ ಹಾಕುವ ಅಗತ್ಯವಿಲ್ಲ. ಪೋಸ್ಟರ್, ಟ್ರೈಲರ್, ವಿವರಣೆಯ ಸಾಲು ಬದಲಾಗಬೇಕು.

ಪ್ರದರ್ಶನ ನಡೆಯುವಾಗ ಒಬ್ಬರು ಹಿಂದಿನ ಬದಿಯಲ್ಲಿ ಕೂತು ನಿಮಿಷದ ಲೆಕ್ಕ ಇಡಬೇಕು. ಫೋನ್ ಬೆಳಗಿದ್ದು, ಎದ್ದು ಹೋದದ್ದು, ವಾಪಸ್ ಬಂದದ್ದು, ನಕ್ಕಿದ್ದು ಎಲ್ಲವೂ ಅದರಲ್ಲಿರಲಿ. ಎಲ್ಲೋ ಒಬ್ಬೊಬ್ಬರು ಎದ್ದರೆ ಅದು ಲೆಕ್ಕಕ್ಕಿಲ್ಲ. ಒಂದೇ ಐದು ನಿಮಿಷದ ಒಳಗೆ ಮೂವರು ಫೋನ್ ತೆಗೆದರೆ ಅಲ್ಲೇನೋ ಸಡಿಲವಾಗಿದೆ. ನಗುವನ್ನು ಎರಡು ಬಗೆಯಾಗಿ ಬರೆದುಕೊಳ್ಳಿ: ಇಡೀ ಸಭೆ ಒಟ್ಟಿಗೆ ನಕ್ಕಿದ್ದು, ಅಲ್ಲಲ್ಲಿ ಚದುರಿದಂತೆ ನಕ್ಕಿದ್ದು. ಚದುರಿದ ನಗು ಬಹಳ ಸಲ ಇರುಸುಮುರುಸಿನ ನಗು. ಭಯದ ದೃಶ್ಯದಲ್ಲಿ ಅದು ಬಂದರೆ ಚಿತ್ರಕ್ಕೆ ಒಳ್ಳೆಯದೇ ಇರಬಹುದು, ಗಡಿಬಿಡಿಯಲ್ಲಿ ಆ ದೃಶ್ಯ ತೆಗೆದುಹಾಕಬೇಡಿ.

ಪ್ರಶ್ನೆಪತ್ರ

ಒಂದೇ ಹಾಳೆ, ಹತ್ತು ನಿಮಿಷ, ಯಾರೂ ಬಾಯಿ ಬಿಡುವ ಮೊದಲೇ. ಒಬ್ಬರು ಗಟ್ಟಿಯಾಗಿ 'ಅದ್ಭುತ' ಎಂದರೂ 'ದಂಡ' ಎಂದರೂ ಅಕ್ಕಪಕ್ಕದವರ ಪೆನ್ನು ಆ ಕಡೆಗೆ ವಾಲುತ್ತದೆ. ಕೇಳಬೇಕಾದದ್ದು ಇಷ್ಟು:

1. ಹತ್ತಕ್ಕೆ ಎಷ್ಟು ಅಂಕ?
2. ನಿಮಗೆ ಗೊತ್ತಿರುವ ಯಾರಿಗೆ ಈ ಚಿತ್ರ ನೋಡಲು ಹೇಳುತ್ತೀರಿ? ಅವರು ಎಂಥವರು?
3. ನಡೆದದ್ದನ್ನು ಮೂರು ವಾಕ್ಯದಲ್ಲಿ ಬರೆಯಿರಿ.
4. ಈಗ ಕಣ್ಣು ಮುಚ್ಚಿದರೆ ಮೊದಲು ಬರುವ ದೃಶ್ಯ ಯಾವುದು?
5. ಎಲ್ಲಿ ಗಮನ ಬೇರೆ ಕಡೆ ಹೋಯಿತು?
6. ಮತ್ತೆ ಬರುತ್ತದೆ ಎಂದುಕೊಂಡಿದ್ದು ಬಾರದೇ ಹೋದದ್ದು ಯಾವುದು?
7. ಬೇಕೆಂದೇ ಮಾಡಿದ್ದೋ ತಪ್ಪಾಗಿ ಆದದ್ದೋ ಎಂದು ಅನುಮಾನ ಬಂದ ಜಾಗ ಇದೆಯೇ?
8. ಮಾತು ಕೇಳಿಸದ, ಚಿತ್ರ ಕಾಣಿಸದ ಜಾಗ ಇದೆಯೇ?
9. ಬರುವಾಗ ಎಂಥ ಚಿತ್ರ ಎಂದುಕೊಂಡು ಬಂದಿರಿ?

'ಅರ್ಥವಾಯಿತೇ?' ಎಂಬ ಪ್ರಶ್ನೆ ಬೇಡವೇ ಬೇಡ. ಆ ಪ್ರಶ್ನೆ ಕಂಡ ಕೂಡಲೇ, ಅರ್ಥವಾಗಬೇಕಾದದ್ದು ಏನೋ ತಮಗೆ ತಪ್ಪಿಹೋಯಿತು ಎಂದು ನೋಡುಗರಿಗೆ ಅನಿಸುತ್ತದೆ. ಅದುವರೆಗೆ ಖುಷಿಯಾಗಿದ್ದವರೂ ಎರಡು ಅಂಕ ಕಡಿಮೆ ಮಾಡುತ್ತಾರೆ. ಕೊನೆಯ ದೃಶ್ಯದ ಅರ್ಥವನ್ನೂ ಕೇಳಬೇಡಿ, ಬೇಕಿದ್ದವರು ಮೂರನೆಯ ಉತ್ತರದಲ್ಲಿ ತಾವಾಗಿಯೇ ಬರೆಯುತ್ತಾರೆ.

ಹಾಳೆ ವಾಪಸ್ ಪಡೆದ ಮೇಲೆ 20 ನಿಮಿಷದ ಚರ್ಚೆ. ನಡೆಸುವವರು ಚಿತ್ರಕ್ಕೆ ಸಂಬಂಧವಿಲ್ಲದವರಾಗಿರಲಿ, ನಿರ್ದೇಶಕರು ಕೋಣೆಯಲ್ಲೇ ಇರದಿರಲಿ. ಮೊದಲ ಮಾತನ್ನು 4ರಿಂದ 7 ಅಂಕ ಕೊಟ್ಟವರಿಂದ ಆಡಿಸಿ. ಮೆಚ್ಚಿ ಕುಣಿದವರೂ ಬೈದವರೂ ಹೇಗೂ ಮಾತಾಡುತ್ತಾರೆ. ನಡುವಿನವರು ಅವರ ಗದ್ದಲದಲ್ಲಿ ಮುದುಡಿಕೊಳ್ಳುತ್ತಾರೆ, ಆದರೆ ಎಲ್ಲಿ ಕೈಬಿಟ್ಟುಹೋಯಿತು ಎಂದು ನಿಖರವಾಗಿ ಹೇಳಬಲ್ಲವರು ಅವರೇ.

ಅಂಕ ಓದುವಾಗ ಸರಾಸರಿಯನ್ನು ನಂಬಬೇಡಿ

24 ಜನರಲ್ಲಿ 10 ಮಂದಿ 9 ಕೊಟ್ಟರು, 9 ಮಂದಿ 2 ಕೊಟ್ಟರು, 5 ಮಂದಿ 5 ಕೊಟ್ಟರು ಎಂದುಕೊಳ್ಳಿ. ಒಟ್ಟು 133, ಸರಾಸರಿ 5.5. ಇನ್ನೊಂದು ಚಿತ್ರಕ್ಕೆ 12 ಮಂದಿ 5, ಇನ್ನು 12 ಮಂದಿ 6 ಕೊಟ್ಟರೂ ಸರಾಸರಿ 5.5. ಮೊದಲನೆಯದಕ್ಕೆ ಜೀವ ಕೊಡುವ ಅಭಿಮಾನಿಗಳು ಹುಟ್ಟಿದ್ದಾರೆ, ಎರಡನೆಯದನ್ನು ವಾರದಲ್ಲಿ ಎಲ್ಲರೂ ಮರೆಯುತ್ತಾರೆ. ಆದ್ದರಿಂದ 1ರಿಂದ 10ರ ವರೆಗೆ ಕಂಬಗಳ ನಕ್ಷೆ ಬರೆಯಿರಿ. ಎರಡು ಗುಡ್ಡ ಕಂಡರೆ ನಿಮ್ಮದು ಒಡೆದ ಸಭೆ. ಒಂದೇ ಗುಡ್ಡ ನಡುವೆ ಕೂತಿದ್ದರೆ ಅದು ಒಡಕಲ್ಲ, ನಿರಾಸಕ್ತಿ, ಅದರ ಚಿಕಿತ್ಸೆಯೇ ಬೇರೆ. ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ಸುಮಾರು 3.1, ಎರಡನೆಯದಕ್ಕೆ 0.5 ಬರುತ್ತದೆ.

ಬಿಡುಗಡೆಯಾದ ಮೇಲೆ ಕಾಣುವ ಸಾರ್ವಜನಿಕ ಅಂಕಗಳಿಗೂ ಇದೇ ಎಚ್ಚರ ಬೇಕು. ವಿಮರ್ಶೆಗಳನ್ನು ಕೂಡಿಸಿಡುವ ಜಾಲತಾಣ ರಾಟನ್ ಟೊಮ್ಯಾಟೋಸ್ ತೋರಿಸುವ ಶೇಕಡಾ ಅಂಕಿ ಎಷ್ಟು ವಿಮರ್ಶಕರು ಒಪ್ಪಿದರು ಎಂಬುದರ ಎಣಿಕೆ. ಎಷ್ಟು ಇಷ್ಟಪಟ್ಟರು ಎಂಬುದು ಅದರಲ್ಲಿ ಇಲ್ಲ. ಅಂಥದ್ದೇ ಇನ್ನೊಂದು ತಾಣ ಮೆಟಾಕ್ರಿಟಿಕ್ ಅಂಕಗಳ ತೂಕದ ಸರಾಸರಿ ತೆಗೆಯುತ್ತದೆ, ಹಾಗಾಗಿ ಒಡೆದ ಚಿತ್ರ ಅಲ್ಲಿ ನಡುವಿನಲ್ಲಿ ಹೋಗಿ ನಿಲ್ಲುತ್ತದೆ. ಅಮೆರಿಕದ ಸಮೀಕ್ಷಾ ಸಂಸ್ಥೆ ಸಿನೆಮಾಸ್ಕೋರ್ ಬಿಡುಗಡೆಯ ದಿನದ ಪ್ರೇಕ್ಷಕರನ್ನು ಥಿಯೇಟರಿನಲ್ಲೇ ಕೇಳುತ್ತದೆ. ಅಂದರೆ ಜಾಹೀರಾತು ನಂಬಿ ಬಂದವರ ನಿರೀಕ್ಷೆ ತೀರಿತೇ ಎಂಬುದನ್ನು ಅದು ಬಹುಮಟ್ಟಿಗೆ ಅಳೆಯುತ್ತದೆ. 2012ರ ಕ್ರೈಂ ಚಿತ್ರ 'ಕಿಲ್ಲಿಂಗ್ ದೆಮ್ ಸಾಫ್ಟ್‌ಲಿ'ಗೆ ಅಲ್ಲಿ ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗಿನ ಎಫ್ ದರ್ಜೆ. ಅದೇ ಚಿತ್ರವನ್ನು ಬಹಳಷ್ಟು ವಿಮರ್ಶಕರು ಮೆಚ್ಚಿದ್ದರು.

ಇನ್ನು ಮುಖ್ಯವಾದ ಹೆಜ್ಜೆ. ಕಡಿಮೆ ಅಂಕ ಕೊಟ್ಟವರ ಮೂರನೆಯ ಉತ್ತರಗಳನ್ನು ಎಡಕ್ಕೆ, ಹೆಚ್ಚು ಅಂಕ ಕೊಟ್ಟವರದನ್ನು ಬಲಕ್ಕೆ ಜೋಡಿಸಿ ಓದಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಕಥೆ ಇದ್ದರೆ ಬೈದವರಿಗೂ ಚಿತ್ರ ತಲುಪಿದೆ, ಇಷ್ಟವಾಗಿಲ್ಲ ಅಷ್ಟೇ. ಅದು ಅಭಿರುಚಿ, ಅದನ್ನು ಗೌರವಿಸಿ ಬಿಟ್ಟುಬಿಡಿ. ಎಡಗಡೆಯ ಕಥೆಗಳೆಲ್ಲ ಒಂದೇ ಜಾಗದಲ್ಲಿ ಮುರಿದಿದ್ದರೆ ಅಲ್ಲಿ ದೋಷವಿದೆ. ನಮ್ಮ ಟ್ಯಾಕ್ಸಿ ಡ್ರೈವರ್ ಕಥೆಯಲ್ಲೇ ನೋಡಿ. ಎಡಗಡೆ ಆರು ಜನ 'ಅವನು ಹೆಂಡತಿಯನ್ನು ಹುಡುಕುತ್ತಾನೆ' ಎಂದು ಬರೆದಿದ್ದಾರೆ, ಬಲಗಡೆ ಎಲ್ಲರೂ 'ತಂಗಿ' ಎಂದಿದ್ದಾರೆ. ಹಾಗಾದರೆ ಆ ಆರು ಜನಕ್ಕೆ ಮುಂದಿನ ಒಂದು ಗಂಟೆಯೆಲ್ಲ ಬೇರೆಯೇ ಚಿತ್ರ. ಫೋಟೋ ನೋಡಿ ಅವನು ಅಳುವುದು, ಅವಳ ಕೋಣೆಗೆ ಹೋಗಲು ಹಿಂಜರಿಯುವುದು, ಕೊನೆಯಲ್ಲಿ ಅವಳ ಹೆಸರಲ್ಲಿ ಇನ್ನೊಬ್ಬಳು ಬರುವುದು, ಯಾವುದೂ ಕೂಡಿಬರುವುದಿಲ್ಲ. ಅವರು ದೂರುವುದು 'ಕ್ಲೈಮ್ಯಾಕ್ಸ್ ಸರಿಯಿಲ್ಲ' ಎಂದು. ಆದರೆ ರಿಪೇರಿ ಆಗಬೇಕಿರುವುದು ಎಂಟನೆಯ ನಿಮಿಷದಲ್ಲಿ 'ತಂಗಿ' ಎಂಬ ಮಾತು ರೈಲಿನ ಸದ್ದಿನಲ್ಲಿ ಮುಚ್ಚಿಹೋದ ಜಾಗ. ದೂರು ಹುಟ್ಟಿದ ಜಾಗ, ದೂರು ಕೇಳಿಬಂದ ಜಾಗ ಒಂದೇ ಆಗಿರುವುದು ಅಪರೂಪ.

ದೋಷ ಎಲ್ಲೆಲ್ಲಿ ಇರುತ್ತದೆ, ಹೇಗೆ ಸರಿಪಡಿಸಬೇಕು

ಗೊಂದಲ ಬೇರೆ, ನಿಗೂಢ ಬೇರೆ. ಕನಸಿನಂಥ ಚಿತ್ರದಲ್ಲೂ ನಾಲ್ಕು ಸಂಗತಿ ಪ್ರತಿ ದೃಶ್ಯದಲ್ಲಿ ಗಟ್ಟಿಯಾಗಿರಬೇಕು: ಇವನು ಯಾರು, ಎದುರಿಗಿರುವವರು ಇವನಿಗೆ ಏನಾಗಬೇಕು, ಎಲ್ಲಿದ್ದಾನೆ, ಈ ಕ್ಷಣ ಅವನಿಗೆ ಬೇಕಾಗಿರುವುದು ಏನು. 'ಯಾಕೆ' ಎಂಬುದನ್ನು ಎಷ್ಟು ಬೇಕಾದರೂ ಮಂಜಾಗಿಡಿ. ಗುರುತು ಬದಲಾಗುವ ಕಥೆಯಾದರೆ ಬದಲಾದ ಗುರುತೂ ಆ ಕ್ಷಣಕ್ಕೆ ಸ್ಪಷ್ಟವಾಗಿರಲಿ. ಇವನು ಅದೇ ಮನುಷ್ಯನೋ ಅಲ್ಲವೋ ಎಂದು ನೋಡುಗರು ತಲೆಕೆಡಿಸಿಕೊಳ್ಳಬೇಕು. ಆ ನಟ ಅದೇ ನಟನೋ ಅಲ್ಲವೋ ಎಂದು ತಲೆಕೆಡಿಸಿಕೊಳ್ಳುವಂತಾಗಬಾರದು.

ಮೊದಲ ವಿಚಿತ್ರ ಯಾವ ನಿಮಿಷದಲ್ಲಿ ಬರುತ್ತದೆ ನೋಡಿ. ಅದು 10-12 ನಿಮಿಷದೊಳಗೆ ಬಾರದಿದ್ದರೆ ನೋಡುಗರು ಇದು ಮಾಮೂಲಿ ಪತ್ತೇದಾರಿ ಕಥೆ ಎಂದು ನೆಲೆಯೂರಿಬಿಡುತ್ತಾರೆ. ಆಮೇಲೆ 45ನೆಯ ನಿಮಿಷದಲ್ಲಿ ನೆಲ ಜಾರಿದರೆ ನಡುವಿನಲ್ಲಿ ನಿಯಮ ಬದಲಿಸಿದಿರಿ ಎಂದು ಸಿಟ್ಟಾಗುತ್ತಾರೆ. ಇದಕ್ಕೆ ಹೊಸ ಶೂಟಿಂಗ್ ಬೇಕಿಲ್ಲ, ಶಬ್ದದಿಂದಲೇ ಮಾಡಬಹುದು. ಆರಂಭದಲ್ಲಿ ಇಬ್ಬರು ಮಾತಾಡುವ ದೃಶ್ಯವೊಂದನ್ನು ಆರಿಸಿ. ಅವರ ಮಾತಿನ ನಡುವೆ ಪಕ್ಕದ ಕೋಣೆಯಲ್ಲಿ ಫೋನ್ ಬಡಿದುಕೊಳ್ಳತೊಡಗಲಿ. ಇಬ್ಬರೂ ಆ ಕಡೆ ನೋಡುವುದೇ ಇಲ್ಲ. ಏಳೆಂಟು ಸಲ ಬಡಿದು, ಯಾರೋ ಎತ್ತಿದ ಸದ್ದು ಬಂದು ನಿಲ್ಲಲಿ. ಆ ಮನೆಯಲ್ಲಿ ಬೇರೆ ಯಾರೂ ಇಲ್ಲ ಎಂಬುದು ಹಿಂದಿನ ಶಾಟಿನಲ್ಲೇ ಕಂಡಿರುತ್ತದೆ. ಹದಿನೈದು ಸೆಕೆಂಡಿನ ಈ ಕೆಲಸಕ್ಕೆ ಖರ್ಚು ಏನೂ ಇಲ್ಲ, ಆದರೆ ಈ ಲೋಕದ ನಿಯಮ ಬೇರೆ ಎಂದು ನೋಡುಗರಿಗೆ ಮುಂಚೆಯೇ ತಿಳಿದುಹೋಗುತ್ತದೆ. 45ನೆಯ ನಿಮಿಷದ ತಿರುವನ್ನು ಅವರು ಆಗ ಮೋಸ ಎಂದುಕೊಳ್ಳುವುದಿಲ್ಲ.

ಆರನೆಯ ಪ್ರಶ್ನೆಯ ಉತ್ತರಗಳಿಂದ ಸುಳಿವಿನ ಸಾಲಪಟ್ಟಿ ತಯಾರಿಸಿ. ನ್ವಾರ್‌ನಲ್ಲಿ ಎರಡು ಸೆಕೆಂಡಿಗಿಂತ ಹೆಚ್ಚು ಕ್ಲೋಸಪ್ಪಿನಲ್ಲಿ ಕಂಡ ಯಾವ ವಸ್ತುವೂ ನೋಡುಗರ ಮನಸ್ಸಿನಲ್ಲಿ ಸುಳಿವೇ: ಬೀಗದ ಕೈ, ಬೆಂಕಿಪೊಟ್ಟಣ, ಗೋಡೆಯ ಗಡಿಯಾರ, ಕಾರಿನ ನಂಬರ್. ಚಿತ್ರ ಹಾಕಿ ಅಂಥ ಕ್ಲೋಸಪ್‌ಗಳನ್ನೆಲ್ಲ ಎಣಿಸಿ, ಯಾವುದು ಮತ್ತೆ ಬಂತು ಯಾವುದು ಬರಲಿಲ್ಲ ಎಂದು ಎದುರಿಗೆ ಬರೆಯಿರಿ. ಬಾರದವುಗಳಿಗೆ ಮೂರು ದಾರಿಗಳಿವೆ. ಕ್ಲೋಸಪ್ ತೆಗೆದು ವೈಡ್ ಶಾಟ್ ಹಾಕಿದರೆ ವಸ್ತು ಬರೀ ಸಾಮಾನಾಗಿ ಉಳಿಯುತ್ತದೆ. ಅಥವಾ ಅದನ್ನು ಇನ್ನೊಂದು ಜಾಗದಲ್ಲಿ, ಇನ್ನೊಬ್ಬರ ಕೈಯಲ್ಲಿ ಮತ್ತೆ ತೋರಿಸಿ. ವಿವರಣೆ ಬೇಕಿಲ್ಲ, ಮರಳಿ ಬಂದದ್ದೇ ಸಾಕು, ಕನಸಿನ ಲೆಕ್ಕ ತೀರುತ್ತದೆ. ಅಥವಾ ಉಳಿಸಿಕೊಳ್ಳಿ, ಆದರೆ ಅಂಥವು ಎರಡು ಮೂರಕ್ಕಿಂತ ಹೆಚ್ಚಿರದಿರಲಿ. ಏನನ್ನೂ ತೀರಿಸದೆ ಹತ್ತಾರು ಸುಳಿವು ಬಿಟ್ಟ ಚಿತ್ರವನ್ನು ಅದರ ಅಭಿಮಾನಿಗಳೂ ಎರಡನೆಯ ಸಲ ನೋಡುವಾಗ ಸಮರ್ಥಿಸಲಾರರು.

ಏಳನೆಯ ಪ್ರಶ್ನೆಗೆ ಬರುವ ಉತ್ತರಗಳು ಬಹುತೇಕ ನಟನೆ ಮತ್ತು ಕಂಟಿನ್ಯೂಟಿಯ (ಒಂದು ಶಾಟಿನಿಂದ ಇನ್ನೊಂದಕ್ಕೆ ಉಡುಪು, ವಸ್ತು ಹೊಂದಿಕೊಂಡಿರುವುದರ) ಬಗ್ಗೆ ಇರುತ್ತವೆ. ಭಾವವಿಲ್ಲದೆ, ನಿದ್ದೆಯಲ್ಲಿದ್ದಂತೆ ಮಾತಾಡಿಸುವುದು ಈ ಬಗೆಯ ಚಿತ್ರಗಳ ಹಳೆಯ ರೀತಿ. ಆದರೆ ಪರಿಚಯವಿಲ್ಲದ ನಟರು ಹಾಗೆ ಮಾತಾಡಿದರೆ 'ನಟನೆ ಬರುವುದಿಲ್ಲ' ಎಂದೇ ಸಭೆ ತೀರ್ಮಾನಿಸುತ್ತದೆ. ಅದೇ ನಟ ಸಹಜವಾಗಿ, ಬಿಸಿಯಾಗಿ ಮಾತಾಡುವ ಒಂದು ದೃಶ್ಯ ಮೊದಲ ಹತ್ತು ನಿಮಿಷದಲ್ಲಿ ಇದ್ದರೆ ಅನುಮಾನ ಹೋಗುತ್ತದೆ. ಚಿತ್ರೀಕರಿಸಿದ ಟೇಕ್‌ಗಳಲ್ಲಿ ಅಂಥದ್ದು ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಕಂಟಿನ್ಯೂಟಿಯನ್ನು ಬೇಕೆಂದೇ ಮುರಿದಿದ್ದರೆ ದೊಡ್ಡದಾಗಿ ಮುರಿಯಿರಿ, ಕನಿಷ್ಠ ಮೂರು ಸಲ ಮುರಿಯಿರಿ. ಕಾಲರಿನ ಗುಂಡಿ ಬದಲಾದರೆ ಅದು ತಪ್ಪು. ಬಿಳಿ ಅಂಗಿ ಕೆಂಪಾದರೆ ಅದು ಅರ್ಥ. ತಪ್ಪಿನಿಂದಲೇ ಆದ ಸಣ್ಣ ಜಿಗಿತಗಳನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿ ತೆಗೆಯಿರಿ, ಏಕೆಂದರೆ ಅವು ಬೇಕೆಂದೇ ಮಾಡಿದವುಗಳ ಬೆಲೆಯನ್ನು ಕಳೆಯುತ್ತವೆ.

ಉದ್ದದ ಬಗ್ಗೆ ನಿಷ್ಠುರವಾಗಿರಿ. ತೀರ ಕಡಿಮೆ ಹಣದಲ್ಲಿ ಆದ ಒಗಟಿನಂಥ ಚಿತ್ರಗಳ ಅವಧಿ ನೋಡಿ: ಕ್ರಿಸ್ಟೋಫರ್ ನೋಲನ್‌ರ 'ಫಾಲೋಯಿಂಗ್' (1998) ಸುಮಾರು 70 ನಿಮಿಷ, ಶೇನ್ ಕರುತ್‌ರ 'ಪ್ರೈಮರ್' (2004) 77 ನಿಮಿಷ. ಅರ್ಥವಾಗದ ಸ್ಥಿತಿಯಲ್ಲಿ ತಾಳ್ಮೆಯಿಂದ ಕೂರುವ ಶಕ್ತಿ ನೋಡುಗರಿಗೆ ಇದೆ, ಆದರೆ ಅದಕ್ಕೊಂದು ಮಿತಿ ಇದೆ. ನಿಮ್ಮ ಚಿತ್ರ 90 ನಿಮಿಷ ದಾಟಿದ್ದು, ಐದನೆಯ ಪ್ರಶ್ನೆಯ ಉತ್ತರಗಳು 50 ಮತ್ತು 70ನೆಯ ನಿಮಿಷದ ನಡುವೆ ಗುಂಪುಗೂಡಿದ್ದರೆ, ಮೊದಲು ಅಲ್ಲಿರುವ ನಡೆದಾಟ, ಕಾರು ಓಡಿಸುವುದು, ಸಿಗರೇಟು ಸೇದುವುದು ಇವನ್ನು ಕಡಿಮೆ ಮಾಡಿ. ವಿಚಿತ್ರ ದೃಶ್ಯಗಳ ಉದ್ದವನ್ನು ಕೊನೆಗೆ ಮುಟ್ಟಿ. ಅವಕ್ಕೆ ಸಮಯ ಬೇಕು. ಗಡಿಬಿಡಿಯ ಕಟ್ಟಿಂಗ್ ಅವನ್ನು ಜಾಹೀರಾತಿನಂತೆ ಮಾಡಿಬಿಡುತ್ತದೆ.

ಬೈದವರನ್ನು ಸಮಾಧಾನಪಡಿಸಲು ಹಿನ್ನೆಲೆ ನಿರೂಪಣೆ ಸೇರಿಸೋಣ ಎಂಬ ಸಲಹೆ ಖಂಡಿತ ಬರುತ್ತದೆ. ನ್ವಾರ್‌ನಲ್ಲಿ ನಿರೂಪಣೆ ಹಳೆಯ ಸಂಪ್ರದಾಯವೇ ಆದ್ದರಿಂದ ಅದು ಸಹಜವಾಗಿಯೂ ತೋರುತ್ತದೆ. 'ಬ್ಲೇಡ್ ರನ್ನರ್' 1982ರಲ್ಲಿ ಡೆನ್ವರ್ ಮತ್ತು ಡಲ್ಲಾಸ್‌ನ ಟೆಸ್ಟ್ ಸ್ಕ್ರೀನಿಂಗ್‌ಗಳ ನಂತರ ವಿವರಿಸುವ ನಿರೂಪಣೆ ಮತ್ತು ಸುಖಾಂತ್ಯದೊಂದಿಗೆ ತೆರೆಕಂಡಿತು. 1992ರ ಆವೃತ್ತಿಯಲ್ಲಿ ಎರಡನ್ನೂ ತೆಗೆಯಲಾಯಿತು. ನಿರೂಪಣೆ ಹಾಕಲೇಬೇಕಾದರೆ ಕಂಡದ್ದನ್ನೇ ಹೇಳಿಸಬೇಡಿ. ಕಾಣದ ಒಂದು ಸಂಗತಿಯನ್ನು, ಅದೂ ಮೇಲೆ ಹೇಳಿದ ನಾಲ್ಕರಲ್ಲಿ ಬಿಟ್ಟುಹೋದದ್ದನ್ನು ಮಾತ್ರ ಹೇಳಿಸಿ. ಬಹಳ ಸಲ ಬೆನ್ನು ತಿರುಗಿಸಿದ ನಟರ ಮೇಲೆ ಡಬ್ ಮಾಡಿದ ಒಂದೇ ಸಾಲು ಅದೇ ಕೆಲಸ ಮಾಡುತ್ತದೆ.

ಕೊನೆಯ ದೃಶ್ಯದ ಬಗ್ಗೆ ಬರುವ ಸಿಟ್ಟನ್ನು ಎಲ್ಲದಕ್ಕಿಂತ ಕೊನೆಗೆ ಕೈಗೆತ್ತಿಕೊಳ್ಳಿ. ಮೇಲಿನದೆಲ್ಲ ಸರಿಪಡಿಸಿದ ಮೇಲೆ ಅದರಲ್ಲಿ ಬಹುಪಾಲು ತಾನಾಗಿ ಇಳಿಯುತ್ತದೆ. ಆಮೇಲೂ ಉಳಿದದ್ದು ನಿಮ್ಮ ಚಿತ್ರದ್ದೇ.

ಎರಡನೆಯ ಪ್ರದರ್ಶನ

ಹೊಸ ಜನ, ಅಷ್ಟೇ ಸಂಖ್ಯೆ, ಅದೇ ಪ್ರಶ್ನೆಪತ್ರ, ಅದೇ ಕೋಣೆ. ಮೊದಲ ಸಲ ನೋಡಿದವರನ್ನು ಮತ್ತೆ ಕರೆದರೆ ಅವರಿಗೆ ಕಥೆ ಗೊತ್ತಿರುವುದರಿಂದ ಗೊಂದಲ ಕಡಿಮೆಯಾದಂತೆ ಸುಳ್ಳು ಫಲಿತಾಂಶ ಬರುತ್ತದೆ. ಸಣ್ಣ ಬದಲಾವಣೆಗಳನ್ನು ಕಂಡು ಹಿಗ್ಗಬೇಡಿ: 24 ಜನರ ಸಭೆಯಲ್ಲಿ ಅರ್ಧ ಜನ ಮೆಚ್ಚಿದರು ಎಂದರೆ ನಿಜವಾದ ಪ್ರಮಾಣ ಶೇ 30ರಿಂದ 70ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಇಬ್ಬರು ಮೂವರು ಆಚೀಚೆ ಆದದ್ದಕ್ಕೆ ಅರ್ಥವಿಲ್ಲ. ನೋಡಬೇಕಾದದ್ದು ಎಡಗಡೆಯ ಮೂರು ವಾಕ್ಯದ ಕಥೆಗಳು ಕೂಡಿಕೊಂಡವೇ, ಏಳನೆಯ ಮತ್ತು ಎಂಟನೆಯ ಪ್ರಶ್ನೆಗಳಿಗೆ ಖಾಲಿ ಜಾಗ ಹೆಚ್ಚಾಯಿತೇ ಎಂಬುದನ್ನು. ಜೊತೆಗೆ ಬಲಗಡೆಯ ಗುಡ್ಡ ಕುಗ್ಗಿದೆಯೇ ನೋಡಿ. ಮೆಚ್ಚಿದವರ 9 ಅಂಕ 7ಕ್ಕೆ ಇಳಿದಿದ್ದರೆ ನೀವು ಸರಿಪಡಿಸುವ ಹೆಸರಲ್ಲಿ ಚಿತ್ರದ ಜೀವಾಳವನ್ನೇ ಕತ್ತರಿಸಿದ್ದೀರಿ. ಹಿಂದಿನ ಆವೃತ್ತಿಗೆ ಮರಳಿ ಒಂದೊಂದೇ ಬದಲಾವಣೆ ಮತ್ತೆ ಹಾಕಿ. ಮೂರನೆಯ ಪ್ರದರ್ಶನಕ್ಕಿಂತ ಮುಂದೆ ಹೋಗಬೇಡಿ.

ಒಡೆಯುವ ಚಿತ್ರವನ್ನು ಜನರ ಮುಂದಿಡುವುದು

ಟ್ರೈಲರಿನ ಮೊದಲ 15-20 ಸೆಕೆಂಡಿನಲ್ಲೇ ಒಂದು ವಿಚಿತ್ರ ಬಿಂಬ ಇರಲಿ. ಗುಂಡಿನ ಸದ್ದು, ಓಟ, ವೇಗದ ಕಟ್‌ಗಳಿಂದ ಥ್ರಿಲ್ಲರಿನಂತೆ ಕತ್ತರಿಸಿದರೆ ತಪ್ಪು ಜನ ಬರುತ್ತಾರೆ, ಮೊದಲ ದಿನವೇ ಬೈಗುಳ ತುಂಬುತ್ತದೆ. ರಾಬರ್ಟ್ ಆಲ್ಟ್‌ಮನ್‌ರ 'ದಿ ಲಾಂಗ್ ಗುಡ್‌ಬೈ' 1973ರಲ್ಲಿ ಮಾಮೂಲಿ ಪತ್ತೇದಾರಿ ಚಿತ್ರದಂಥ ಪ್ರಚಾರದೊಂದಿಗೆ ಬಂದು ಸೋತಿತು. ಅದನ್ನು ಹಿಂದಕ್ಕೆ ಪಡೆದು, ವ್ಯಂಗ್ಯಚಿತ್ರಕಾರ ಜ್ಯಾಕ್ ಡೇವಿಸ್ ಬರೆದ ತಮಾಷೆಯ ಪೋಸ್ಟರಿನೊಂದಿಗೆ ಅದೇ ವರ್ಷ ನ್ಯೂಯಾರ್ಕಿನಲ್ಲಿ ತಂದಾಗ ಸಿಕ್ಕ ಸ್ವಾಗತವೇ ಬೇರೆ. ಬದಲಾದದ್ದು ನೋಡುಗರು ಒಳಗೆ ಬರುವಾಗ ಹೊತ್ತು ತಂದ ನಿರೀಕ್ಷೆ.

ಒಡಕನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಡೇವಿಡ್ ಲಿಂಚ್‌ರ 'ಲಾಸ್ಟ್ ಹೈವೇ'ಗೆ 1997ರಲ್ಲಿ ಇಬ್ಬರು ಪ್ರಸಿದ್ಧ ಟಿವಿ ವಿಮರ್ಶಕರು ಹೆಬ್ಬೆರಳು ಕೆಳಗೆ ಮಾಡಿದಾಗ, ಅದನ್ನೇ ಚಿತ್ರ ನೋಡಲು ಇನ್ನೆರಡು ಕಾರಣ ಎಂದು ಜಾಹೀರಾತಿನಲ್ಲಿ ಹಾಕಲಾಯಿತು. ನಿಮ್ಮ ಪ್ರಕಟಣೆಯಲ್ಲೂ ಮೆಚ್ಚುಗೆಯ ಒಂದು ಸಾಲು, ಬೈಗುಳದ ಒಂದು ಸಾಲು ಪಕ್ಕಪಕ್ಕ ಹಾಕಬಹುದು. ಓದಿದವರು ತಾವು ಯಾವ ಕಡೆಯವರು ಎಂದು ಅಲ್ಲೇ ತಿಳಿದುಕೊಳ್ಳುತ್ತಾರೆ.

ಪ್ರದರ್ಶನದ ನಂತರದ ಸಂವಾದದಲ್ಲಿ ಹೇಗೆ ತೆಗೆದಿರಿ ಎಂದು ಕೇಳಿದರೆ ಧಾರಾಳವಾಗಿ ಉತ್ತರಿಸಿ, ಅರ್ಥ ಕೇಳಿದರೆ ಪ್ರಶ್ನೆಯನ್ನು ಸಭೆಗೇ ತಿರುಗಿಸಿ. ಸಿಟ್ಟಾದವರ ಜೊತೆ ವಾದ ಬೇಡ. ಚಿತ್ರ ಯಾವ ದೃಶ್ಯದಲ್ಲಿ ಕೈಬಿಟ್ಟಿತು ಎಂದು ಕೇಳಿ ಬರೆದುಕೊಳ್ಳಿ. ಸಬ್‌ಟೈಟಲ್ ಮಾಡುವವರಿಗೆ ಮಾತ್ರ ಮುಂಚೆಯೇ ಒಂದು ಟಿಪ್ಪಣಿ ಕೊಡಿ. ಯಾವ ಸಾಲು ಎರಡು ಅರ್ಥ ಕೊಡುತ್ತದೆ, ಯಾವ ಸರ್ವನಾಮ ಯಾರನ್ನು ಸೂಚಿಸುತ್ತದೆ ಎಂಬುದು ಎಲ್ಲಿ ಅಸ್ಪಷ್ಟವಾಗಿಯೇ ಉಳಿಯಬೇಕು, ಹಿನ್ನೆಲೆಯ ರೇಡಿಯೋ ಮಾತಿನಲ್ಲಿ ಯಾವುದನ್ನು ಅನುವಾದಿಸಬೇಕು ಎಂದು ಅದರಲ್ಲಿ ಟೈಮ್‌ಕೋಡ್ ಸಮೇತ ಇರಲಿ. ಇಲ್ಲವಾದರೆ ಅವರು ಒಳ್ಳೆಯ ಮನಸ್ಸಿನಿಂದಲೇ ಎಲ್ಲವನ್ನೂ ಬಿಡಿಸಿ ಬರೆದುಬಿಡುತ್ತಾರೆ, ಬೇರೆ ಭಾಷೆಯ ಸಭೆ ನೋಡುವುದು ನೀವು ಲಾಕ್ ಮಾಡಿದ ಚಿತ್ರವನ್ನಲ್ಲ.